ಘಾಟಿಯಲ್ಲಿ ನಿಂತ ಬ್ಯಾಟರಿ

ಛತ್ರಪತಿ ಸಂಭಾಜಿನಗರದ ಹೊರಗೆ, ಬಜಾಜ್ ಕಾರ್ಖಾನೆಯಿಂದಾಗಿ ಹೆಸರಾದ ವಾಳೂಜ್‌ನಲ್ಲಿ, ಭಾಲ್ಕಿ ಕಡೆಯಿಂದ ಬಂದ ಹಿರಿಯರೊಬ್ಬರ ಬ್ಯಾಟರಿ ಅಂಗಡಿ. ಮೊದಲು ಟ್ರ್ಯಾಕ್ಟರ್, ಟ್ರಕ್ಕುಗಳ ಸೀಸದ ಬ್ಯಾಟರಿ. ಈಗ ಬರುವುದು ಬಹುಪಾಲು ಇ-ಆಟೊ, ಇ-ಸ್ಕೂಟರ್. ಅವರ ಅಕ್ಕನ ಮಗಳು ಇರುವುದು ನಾಶಿಕದಲ್ಲಿ. ಓಡುವಾಗ ಬ್ಯಾಟರಿಯ ವೋಲ್ಟು ಎಷ್ಟು ಇಳಿಯುತ್ತದೆ, ಒಳಗೆ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಗಾಡಿ ರಸ್ತೆಗಿಳಿಯುವ ಮೊದಲೇ ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದು ಅವಳ ಕೆಲಸ. ಇಬ್ಬರ ನಡುವೆ ಬೆಂಚಿನ ಮೇಲೆ ಒಂದು ಪ್ಯಾಕ್ ಮುಚ್ಚಳ ತೆಗೆಸಿಕೊಂಡು ಕೂತಿದೆ: 16 ಸಾಲು, ಸಾಲಿಗೆ 25 ಸೆಲ್, ಒಟ್ಟು 51.2 ವೋಲ್ಟ್. ಎಲ್ಲೋರಾ ದಾರಿಯಲ್ಲಿ ದೌಲತಾಬಾದ್ ಘಾಟಿ ಏರುವಾಗ, ಮೀಟರು ಇನ್ನೂ 38 ಪರ್ಸೆಂಟ್ ತೋರಿಸುತ್ತಿದ್ದಂತೆಯೇ, ಈ ಆಟೊ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಮಾತನ್ನು ಅವರ ಬೀದರ್ ಕನ್ನಡದಲ್ಲೇ ಇಟ್ಟಿದ್ದೇನೆ. ಮರಾಠಿ ತೀರಾ ಬೆರೆತ ಕಡೆ ಮಾತ್ರ ಕೈಯಾಡಿಸಿದ್ದೇನೆ.

ಸೊಸಿ: ಚಾರ್ಜ್ ಖಾಲಿಯಾಗಿ ನಿಂತದ್ದಲ್ಲ ಮಾಮಾ ಇದು. ಲೋಡ್ ಬಿದ್ದಾಗ ವೋಲ್ಟ್ ಕುಸೀತದ, ಬಿಎಂಎಸ್, ಅಂದ್ರ ಬ್ಯಾಟರಿ ಕಾಯೋ ಸರ್ಕಿಟ್, ಹೆದರಿ ಕಟ್ ಮಾಡ್ತದ. ಸುಮ್ಮನ ಬಿಟ್ರ ವೋಲ್ಟ್ ಮತ್ತ ಏಳ್ತದ. ನಮ್ಮ ಮಾಡೆಲ್‌ನಾಗ ಇದಕ್ಕ ಒಂದು ರೆಸಿಸ್ಟರ್ ಇಡ್ತೀವಿ, ಅದರ ಮುಂದ ರೆಸಿಸ್ಟರ್ ಮತ್ತ ಕೆಪಾಸಿಟರ್‌ದು ಒಂದು ಜೋಡಿ. ಒಮ್ಮೆಲೇ ಬೀಳೋ ಪಾಲು ಮೊದಲನೇದರದ್ದು, ಸಾವಕಾಶ ಜಾರೋ ಪಾಲು ಎರಡನೇದರದ್ದು.

ಮಾಮಾ: ಇಷ್ಟು ಹೇಳ್ಲಿಕ್ಕ ಕಂಪ್ಯೂಟರ್ ಯಾಕ ಬೇಕವ್ವಾ? ಟ್ರ್ಯಾಕ್ಟರ್ ಸೆಲ್ಫ್ ಹೊಡೆದು ಹೊಡೆದು ಕೂತ ಬ್ಯಾಟರಿ, ಒಂದು ಚಾ ಕುಡಿದು ಬಂದು ಹೊಡೆದ್ರ ಎದ್ದು ಕೂಡ್ತಿತ್ತು. ಸೀಸದ ಕಾಲದಿಂದ ನೋಡ್ಕೋತ ಬಂದೀನಿ.

ಸೊಸಿ: ನೀವು ಕಂಡೀರಿ. ಎಷ್ಟು ಬಿತ್ತು, ಎಷ್ಟು ಸೆಕೆಂಡಿನಾಗ ಎದ್ದಿತು ಅಂತ ಅಳೆದೀರೇನು? ಆ ಎರಡು ಅಂಕಿ ಸಿಕ್ರ ಗಾಡಿ ಓಡ್ತಿರೋವಾಗಲೇ ಒಳಗ ಎಷ್ಟು ಉಳಿದದ ಹೇಳಬಹುದು.

ಮಾಮಾ: 38 ಅದ ಅಂತ ಹೇಳಿ ನಡು ಘಾಟಿನ್ಯಾಗ ನಿಂದ್ರಿಸ್ತು. ಇದೇ ಏನು ನಿಮ್ಮ ಹೇಳೋದು?

ಸೊಸಿ: ಈ ಸೆಲ್ಲಿನ ಗುಣಾನೇ ಹಂಗ. ಇದು ಎಲ್‌ಎಫ್‌ಪಿ, ಲಿಥಿಯಂ ಕಬ್ಬಿಣದ ಫಾಸ್ಫೇಟ್. 80 ಪರ್ಸೆಂಟ್ ಇದ್ದಾಗ 3.33 ವೋಲ್ಟ್ ಇದ್ರ, 30ಕ್ಕ ಇಳಿದ್ರೂ 3.27ರ ಆಜೂಬಾಜು. ವೋಲ್ಟ್ ನೋಡಿ ಪರ್ಸೆಂಟ್ ಹೇಳಾಕ ಬರಂಗಿಲ್ಲ. ಒಳಗ ಬಂದ ಕರೆಂಟ್ ಎಷ್ಟು, ಹೊರಗ ಹೋದದ್ದೆಷ್ಟು ಅಂತ ಜಮಾ-ಖರ್ಚು ಬರೀಬೇಕು. ಅದರಾಗ ಪೈಸಾ ಪೈಸಾ ತಪ್ಪು ದಿನಾ ಕೂಡ್ತದ. ಅದಕ್ಕೇ ಕಾಲ್ಮನ್ ಫಿಲ್ಟರ್ ಅಂತ ಹಾಕ್ತೀವಿ. ಮಾಡೆಲ್ ಮಾತು ಎಷ್ಟು ನಂಬಬೇಕು, ಮೀಟರ್ ಮಾತು ಎಷ್ಟು ನಂಬಬೇಕು ಅನ್ನೋದನ್ನ ಅದು ಕ್ಷಣಕ್ಷಣಕ್ಕ ತೂಗ್ತದ. 1960ರಾಗ ಬಂದ ಗಣಿತ. ಅಪೊಲೊ ನೌಕಾನೂ ಅದನ್ನ ಹಿಡಕೊಂಡೇ ಚಂದ್ರಗ ಹೋಗಿದ್ದು. 2004ರಾಗ ಗ್ರೆಗರಿ ಪ್ಲೆಟ್ ಅನ್ನೋ ಎಂಜಿನಿಯರ್ ಅದನ್ನ ಗಾಡಿ ಬ್ಯಾಟರಿಗೆ ಹ್ಯಾಂಗ ಹಚ್ಚೋದು ಅಂತ ಸಾಲಾಗಿ ಮೂರು ಲೇಖನ ಬರೆದ್ರು.

ಮಾಮಾ: ಚಂದ್ರಗ ಹೋಗಿ ಬಂತು, ಘಾಟಿ ದಾಟಿ ಖುಲ್ದಾಬಾದ್ ತನಕ ಹೋಗಲಿಲ್ಲ.

ಸೊಸಿ: ನಗ್ರಿ, ನಗ್ರಿ. ಈಗ 20 ಆಂಪಿಯರ್ ಲೋಡ್ ಹಚ್ಚಿ ಒಂದೊಂದು ಸಾಲಿನ ವೋಲ್ಟ್ ಓದ್ರಿ. ನಾನು ಬರ್ಕೋತೀನಿ.

ಹಿರಿಯರು ಉಂಗುರ ತೆಗೆದು ಜೇಬಿಗೆ ಹಾಕಿಕೊಂಡರು, ರಬ್ಬರ್ ಕೈಗವಸು ಏರಿಸಿದರು. ಲೋಡ್ ಇಲ್ಲದಾಗ ಹದಿನಾರೂ ಸಾಲು 3.28. ಲೋಡ್ ಹಚ್ಚಿದ ಮೇಲೆ ಹದಿನೈದು ಸಾಲು 3.26ಕ್ಕೆ ಇಳಿದವು. ಎಂಟನೆಯದು 3.18.

ಸೊಸಿ: ಸಿಕ್ತು ನೋಡ್ರಿ. 0.08 ವೋಲ್ಟ್ ಹೆಚ್ಚಿಗಿ ಬಿದ್ದದ. 20 ಆಂಪಿಯರಿಗೆ 0.08 ಅಂದ್ರ 4 ಮಿಲಿ ಓಮ್. ಘಾಟಿನ್ಯಾಗ ಮೂರು ಮಂದೀನ್ನ ಕೂಡಿಸಿಕೊಂಡು ಏರ್ತಿದ್ರ 100 ಆಂಪಿಯರ್ ಎಳೀತಾನ. ಐದು ಪಟ್ಟು ಕರೆಂಟಿಗೆ ಐದು ಪಟ್ಟು ಕುಸಿತ, 0.4 ವೋಲ್ಟ್. ಉಳಿದ ಸಾಲು 3.18ರ ಹತ್ತಿರ ಇರ್ತಾವ, ಇದು 2.78ಕ್ಕ ಹೋಗ್ತದ. ಬಿಎಂಎಸ್ ಕಟ್‌ಆಫ್ ಎಷ್ಟು?

ಮಾಮಾ: 2.8.

ಸೊಸಿ: ಮುಗೀತು. ಘಾಟಿ ನೋಡದೇನೇ ಘಾಟಿನ್ಯಾಗ ಏನಾಗ್ತದ ಅಂತ ಇಲ್ಲೇ ಕೂತು ಹೇಳಿದೆ. ನಿಮ್ಮ ಕೈಗೆ ಇದು ತಿಳೀತಿತ್ತೇನು? ಈಗ ಮುಟ್ಟಿ ನೋಡ್ರಿ. 20 ಆಂಪಿಯರಿಗೆ ಅಲ್ಲಿ ಹುಟ್ಟೋ ಬಿಸಿ ಒಂದೂವರೆ ವಾಟ್‌ಗಿಂತ ಸ್ವಲ್ಪ ಮ್ಯಾಲ. 100 ಆಂಪಿಯರಿಗೆ ಅದೇ ಜಾಗದಾಗ 40 ವಾಟ್. ಕರೆಂಟ್ ಐದು ಪಟ್ಟಾದ್ರ ಬಿಸಿ ಇಪ್ಪತ್ತೈದು ಪಟ್ಟು.

ಮಾಮಾ: 40 ವಾಟ್ ಅಂದ್ರ ನನ್ನ ಸೋಲ್ಡರಿಂಗ್ ಐರನ್ ಹಚ್ಚಿಟ್ಟಂಗಾತು. ಒಪ್ಪಿದೆ. ಈಗ ನೀ ಹೇಳು, ಆ 4 ಮಿಲಿ ಓಮ್ ಎಲ್ಲಿ ಕೂತದ?

ಸೊಸಿ: ಎಂಟನೇ ಸಾಲಿನ ಸೆಲ್ಲಿನಾಗ. ಮುಪ್ಪಾಗ್ಯಾವ. ಒಳಗಿನ ರೆಸಿಸ್ಟೆನ್ಸ್ ಏರ್ಯಾದ.

ಮಾಮಾ: ಇಪ್ಪತ್ತೈದೂ ಸೆಲ್ ಕೂಡೇ ಮುಪ್ಪಾದ್ವು? ಪಕ್ಕದ ಏಳನೇ ಸಾಲು ಹರೇದಾಗ ಅದ? ತಡಿ. ಬಿಎಂಎಸ್ ವೈರು ಎಲ್ಲಿ ಕಚ್ಚಿದ್ದಾರ ನೋಡು. ಎಂಟು ಸಾಲಿಂದು ಒಂದು ಮಾಡ್ಯೂಲ್, ಇನ್ನೆಂಟರದ್ದು ಇನ್ನೊಂದು. ನಡುವ ತಾಮ್ರದ ಪಟ್ಟಿ, ಬೋಲ್ಟ್. ವೈರು ಬೋಲ್ಟಿನ ಆ ಕಡೆ ಅದ. ಪ್ರೋಬ್ ಈ ಕಡೆ ತರ್ತೀನಿ. ಏನ್ ಬಂತು?

ಸೊಸಿ: 3.26.

ಮಾಮಾ: ಸೆಲ್ ಛಲೋ ಅವ. ಬೋಲ್ಟ್ ಸಡ್ಲಾಗ್ಯಾದ. ವಾಳೂಜ್ ರಸ್ತೆ ತಗ್ಗಿನ್ಯಾಗ ಕುಣಿದು ಕುಣಿದು ಸಡ್ಲಾಗ್ಯಾದ. ಬುಡ ನೋಡು, ಕಪ್ಪಾಗ್ಯಾದ. ನಿನ್ನ ಮಾಡೆಲ್ ಅಂಕಿ ಖರೇ ಹೇಳ್ತು, ಜಾಗಾ ಸುಳ್ಳ ಹೇಳ್ತು.

ಸೊಸಿ: ಮಾಡೆಲ್‌ಗ ಎರಡು ತುದಿ ಅಷ್ಟೇ ಕಾಣ್ತಾವ ಮಾಮಾ. ತುದಿಗಳ ನಡುವ ಸೆಲ್ ಅದನೋ ಬೋಲ್ಟ್ ಅದನೋ ಅದಕ್ಕ ಎರಡೂ ಒಂದೇ ರೆಸಿಸ್ಟರ್.

ಮಾಮಾ: ಅದನ್ನೇ ನಾ ಹೇಳೋದು. ಅಂಕಿ ಕೂಡಿದ್ರ ಕಾರಣ ಸಿಕ್ಕಂಗ ಅಲ್ಲ.

ಸೊಸಿ: ಆ ಮಾತು ನಮಗೂ ಗೊತ್ತದ. ಅದಕ್ಕೇ ಎರಡನೇ ನಮೂನಿ ಮಾಡೆಲ್ ಅವ. ಬರ್ಕಲಿ ವಿಶ್ವವಿದ್ಯಾಲಯದಾಗ ಜಾನ್ ನ್ಯೂಮನ್ ಮತ್ತ ಅವರ ಶಿಷ್ಯರು, ಡಾಯ್ಲ್ ಮತ್ತ ಫುಲ್ಲರ್, 1993ರಾಗ ಬರೆದದ್ದು. ಸೋನಿಯವ್ರು ಲಿಥಿಯಂ-ಅಯಾನ್ ಸೆಲ್ ಮಾರಾಟಕ್ಕ ತಂದದ್ದೇ 1991ರಾಗ, ನೋಡ್ರಿ ಎಷ್ಟು ಲಗೂ. ಅದರಾಗ ರೆಸಿಸ್ಟರ್ ಇಲ್ಲ, ಕೆಪಾಸಿಟರ್ ಇಲ್ಲ. ಲಿಥಿಯಂ ಅಯಾನ್ ದ್ರಾವಣದಾಗ ಹ್ಯಾಂಗ ಹೋಗ್ತದ, ಎಲೆಕ್ಟ್ರೋಡಿನ ಕಣದ ಒಳಗ ಹ್ಯಾಂಗ ಇಳೀತದ, ಮೈಮ್ಯಾಲ ಪ್ರತಿಕ್ರಿಯೆ ಎಷ್ಟು ಜೋರು, ಎಲ್ಲಾ ಸಮೀಕರಣ. ಈಗ ಪೈಬ್ಯಾಮ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಅದ, ಕಾಲೇಜ್ ಹುಡುಗರೂ ಓಡಿಸ್ತಾರ.

ಮಾಮಾ: ಕಣದ ಅಳತಿ, ದ್ರಾವಣದ ಅಳತಿ ಯಾರು ಕೊಡ್ತಾರ? ಸೆಲ್ ಮಾಡೋ ಕಂಪನಿ ಬಾಯಿ ಬಿಡ್ತದೇನು?

ಸೊಸಿ: ಬಿಡಂಗಿಲ್ಲ. ಇಂಗ್ಲೆಂಡಿನಾಗ ಒಂದು ಎಲ್‌ಜಿ ಸೆಲ್ ಬಿಚ್ಚಿ ಅಳೆದು 2020ರಾಗ ಅಂಕಿ ಹೊರಗ ಹಾಕ್ಯಾರ. ಎಷ್ಟೋ ಮಂದಿ ಅದನ್ನೇ ಎತ್ತಿಕೊಂಡು ಶುರು ಮಾಡ್ತಾರ.

ಮಾಮಾ: ಅಲ್ಲಿ ಎಷ್ಟು ಡಿಗ್ರಿನ್ಯಾಗ ಅಳೆದ್ರು?

ಸೊಸಿ: 25.

ಮಾಮಾ: 25! ಮೇ ತಿಂಗಳಾಗ ನಮ್ಮ ನಳದ ನೀರೂ 25 ಇರಂಗಿಲ್ಲ. ನೆರಳಿನಾಗ 42, ಡಾಂಬರ್ ಮ್ಯಾಲ ಎಷ್ಟೋ. ಬಿಸಲಾಗ ನಿಂತ ಆಟೊ ಸೀಟಿನ ಕೆಳಗ ಕೈ ಇಡಾಕ ಆಗಂಗಿಲ್ಲ. ಆ ಪ್ಯಾಕ್ ಮುಂಜಾನಿ ಓಡೋಕಿಂತ ಮೊದಲೇ ಅರ್ಧಾ ದಣಿದಿರ್ತದ.

ಸೊಸಿ: ಹೌದ್ರಿ. 10 ಡಿಗ್ರಿ ಏರಿದ್ರ ಮುಪ್ಪಿನ ವೇಗ ಸುಮಾರು ಎರಡು ಪಟ್ಟು ಅಂತ ಒಂದು ಅಂದಾಜು ಲೆಕ್ಕ ಅದ. ಮರಾಠವಾಡಾದ ಬ್ಯಾಟರಿಗೂ ಬೆಂಗಳೂರಿನ ಬ್ಯಾಟರಿಗೂ ಒಂದೇ ಗ್ಯಾರಂಟಿ ಕಾರ್ಡ್ ಬರೆಯೋರು ಇದನ್ನ ಯೋಚಿಸಬೇಕು. ಆದ್ರ ಹಂಗ ಯೋಚಿಸಾಕೂ ಮಾಡೆಲ್ಲೇ ಬೇಕಲ್ಲ? ಎಂಟು ವರ್ಷ ಕಾಯ್ದು ನೋಡಿ ಆಮ್ಯಾಲ ಗಾಡಿ ಮಾರ್ಲಿಕ್ಕ ಆಗ್ತದೇನು?

ಈ ಪ್ರಶ್ನೆಗೆ ಹಿರಿಯರು ಉತ್ತರ ಕೊಡಲಿಲ್ಲ. ಕೊಡಲು ಅಷ್ಟು ಸುಲಭವೂ ಅಲ್ಲ. ಬದಲಿಗೆ ಅವರು ನಾಶಿಕದ ಮಾತು ತೆಗೆದರು. ಸೊಸೆ ಅದನ್ನೇ ಕಾಯುತ್ತಿದ್ದಳೆಂದು ನನಗನ್ನಿಸಿತು.

ಮಾಮಾ: ನಿಮ್ಮ ನಾಶಿಕದಾಗ ಪಾಥರ್ಡಿ ಫಾಟಾದ ಹತ್ತಿರ ಕಂಟೇನರ್ ಹತ್ತಿ ಉರೀತಲ್ಲ, ನೆನಪದೇನು?

ಸೊಸಿ: 2022, ಏಪ್ರಿಲ್ 9. ಫ್ಯಾಕ್ಟರಿಯಿಂದ ಬೆಂಗಳೂರಿಗೆ ಹೊರಟ ಲೋಡು. 40 ಸ್ಕೂಟರ್ ಇದ್ವು, 20 ಸುಟ್ಟವು. ಪುಣ್ಯಕ್ಕ ಯಾರಿಗೂ ಏನೂ ಆಗಲಿಲ್ಲ.

ಮಾಮಾ: ಬೆಂಗಳೂರಿನ ಗಿರಾಕಿ ಕೈ ಸೇರಬೇಕಾದ ಹೊಸಾ ಗಾಡಿ. ಘಾಟಿ ಏರಿಲ್ಲ, ಚಾರ್ಜಿಗೆ ಹಚ್ಚಿಲ್ಲ, ಸ್ವಿಚ್ ಹಾಕಿಲ್ಲ. ನೀ ಈಗಷ್ಟೇ ಹೇಳ್ದಿ, ಕರೆಂಟಿನ ವರ್ಗಕ್ಕ ರೆಸಿಸ್ಟೆನ್ಸ್ ಗುಣಿಸಿದ್ರ ಬಿಸಿ ಅಂತ. ಕರೆಂಟ್ ಸೊನ್ನೆ ಇದ್ರ ಬಿಸಿ ಎಷ್ಟು?

ಸೊಸಿ: ಆ ಲೆಕ್ಕದಾಗ ಸೊನ್ನೆ. ಬರ್ನಾರ್ಡಿ, ನ್ಯೂಮನ್ ಮತ್ತವರ ಜೊತೆಗಾರರು 1985ರಾಗ ಬರೆದ ಶಾಖದ ಸಮೀಕರಣದಾಗೂ ಅಷ್ಟೇ. ಒಂದು ಪಾಲು ರೆಸಿಸ್ಟೆನ್ಸಿಂದು, ಯಾವಾಗಲೂ ಬಿಸೀನೇ. ಇನ್ನೊಂದು ಪಾಲು ರಸಾಯನದ್ದು, ಒಮ್ಮೊಮ್ಮೆ ಬಿಸಿ, ಒಮ್ಮೊಮ್ಮೆ ತಂಪು. ಎರಡಕ್ಕೂ ಕರೆಂಟಿನ ಗುಣಾಕಾರ ಅದ.

ಮಾಮಾ: ಹಂಗಾದ್ರ ಸೊನ್ನಿಯೊಳಗಿಂದ ಬೆಂಕಿ ಹ್ಯಾಂಗ ಬಂತು?

ಸೊಸಿ: ಆ ಸಮೀಕರಣ ಆರೋಗ್ಯದಾಗಿರೋ ಸೆಲ್ಲಿಂದು. ಕೆಟ್ಟ ಸೆಲ್ಲಿಗೆ ಬ್ಯಾರೇ ಸಮೀಕರಣ. ಒಳಗ ಎಲ್ಲೋ ಶಾರ್ಟ್ ಆತು ಅಂತ ಹಿಡೀರಿ, ಹೊರಗಿನ ಮೀಟರಿಗೆ ಕರೆಂಟ್ ಸೊನ್ನೆ, ಒಳಗ ಸೊನ್ನೆ ಅಲ್ಲ. 80–120 ಡಿಗ್ರಿ ನಡುವ ಗ್ರಾಫೈಟ್ ಮ್ಯಾಲಿನ ತೆಳು ಪದರ ಒಡೀಲಿಕ್ಕ ಶುರು, ಅದು ಒಡೆಯೋದೇ ಇನ್ನಷ್ಟು ಬಿಸಿ ಕೊಡ್ತದ. 130ರ ಹತ್ತಿರ ಪಾಲಿಎಥಿಲೀನ್ ಸೆಪರೇಟರ್ ಕರಗ್ತದ. ಆಮ್ಯಾಲ ಧನ ಧ್ರುವದ ಪಾಳಿ. ಬಿಸಿ ಏರಿದಂಗ ಪ್ರತಿಕ್ರಿಯೆ ಎಷ್ಟು ಜೋರಾಗ್ತದ ಅಂತ ಹೇಳೋ ಅರ್ಹೀನಿಯಸ್ ಸಮೀಕರಣ ಪ್ರತಿಯೊಂದಕ್ಕೂ ಒಂದು ಅದ. ಹುಟ್ಟೋ ಬಿಸಿ ಒಂದು ಗೆರಿ, ಹೊರಗ ಹೋಗೋ ಬಿಸಿ ಇನ್ನೊಂದು ಗೆರಿ. ಮೊದಲನೇದು ಎರಡನೇದನ್ನ ದಾಟಿದ್ರ ಮುಗೀತು.

ಮಾಮಾ: ಶಾರ್ಟ್ ಆತು ಅಂತ ಹಿಡಿ ಅಂದಿ. ಆಗ್ತದೋ ಇಲ್ಲೋ, ಯಾವಾಗ ಆಗ್ತದ, ಅದನ್ನ ಹೇಳು.

ಸೊಸಿ: ಅದನ್ನ ಹೇಳಂಗಿಲ್ಲ. ಒಂದು ಸೆಲ್ ಕೆಟ್ರ ಪಕ್ಕದ ಸೆಲ್ ಉಳೀತದೋ ಇಲ್ಲೋ, ನಡುವ ಎಷ್ಟು ಮಿಲಿಮೀಟರ್ ಜಾಗಾ ಬಿಡಬೇಕು, ಎಂಥಾ ಹಾಳಿ ಹಾಕಬೇಕು, ಮೊದಲ ಹೊಗಿ ಬಂದ ಮ್ಯಾಲ ಸವಾರನಿಗೆ ಎಷ್ಟು ನಿಮಿಷ ಸಿಗ್ತದ, ಅದನ್ನ ಹೇಳ್ತದ. ಆ ವರ್ಷದ ಬೆಂಕಿಗಳಾದ ಮ್ಯಾಲೇ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿ ಮಾಡ್ತು. 2022ರ ಡಿಸೆಂಬರ್ 1ಕ್ಕ ಮೊದಲ ಹಂತ, 2023ರ ಮಾರ್ಚ್ 31ಕ್ಕ ಎರಡನೇದು. ಒಂದು ಸೆಲ್ ಬೆಂಕಿ ಇಡೀ ಪ್ಯಾಕಿಗೆ ಹಬ್ಬಬಾರದು ಅಂತ ಪರೀಕ್ಷಾ ಬಂತು. ಪ್ರತಿ ಡಿಸೈನಿಗೂ ಹತ್ತು ಹತ್ತು ಪ್ಯಾಕ್ ಸುಟ್ಟು ನೋಡಾಕ ಆಗಂಗಿಲ್ಲ. ನೂರು ಸಲ ಕಂಪ್ಯೂಟರಿನಾಗ ಸುಡ್ತೀವಿ, ಒಂದೆರಡು ಸಲ ಖರೇನ ಸುಡ್ತೀವಿ.

ಮಾಮಾ: ಕಂಪ್ಯೂಟರಿನಾಗ ಸುಟ್ಟ ಪ್ಯಾಕಿನಾಗ ಬೋಲ್ಟ್ ಸಡ್ಲಾಗಿತ್ತೇನು?

ಸೊಸಿ: (ಸ್ವಲ್ಪ ತಡೆದು) ಬಿಗಿಯಾಗೇ ಇತ್ತು.

ಮಾಮಾ: ಆ ಬೋಲ್ಟ್ ಪಕ್ಕದ ಸೆಲ್ ನೋಡಿಲ್ಲಿ. ನೀಲಿ ಹೊದಿಕಿ ಸುಕ್ಕುಗಟ್ಟಿ ಹಿಂದ ಸರಿದದ. ಉಳಿದ ಸೆಲ್ಲಿನ ಹೊದಿಕಿ ಹೊಸಾದ್ರಂಗ ಅದ. ಈ ನಾಕು ಸೆಲ್ಲಿಗೆ ದಿನಾ ಘಾಟಿನ್ಯಾಗ ಬರೆ ಕೊಟ್ಟಂಗಾಗ್ಯಾದ. ಸೆನ್ಸರ್ ಎಲ್ಲಿ ಅದ? ಅಗೋ, ಆ ಮೂಲ್ಯಾಗ. ಅದಕ್ಕ ಇಲ್ಲಿಯ ಸುದ್ದಿ ಮುಟ್ಟೇ ಇಲ್ಲ.

ಸೊಸಿ: 400 ಸೆಲ್, ನಾಕು ಸೆನ್ಸರ್. ಉಳಿದ 396ರ ಮಾತು ಯಾರು ಹೇಳಬೇಕು? ನಿಮ್ಮ ಕೈ ಮ್ಯಾಲಿನ ಸಾಲು ಮುಟ್ತದ, ನಡುವಿನ ಸೆಲ್ ಮುಟ್ಟಂಗಿಲ್ಲ. ಮುಟ್ಟಿದ್ರೂ ಡಬ್ಬಿ ಮುಟ್ತದ, ಒಳಗಿನ ಸುರುಳಿ ಅಲ್ಲ. ಸುರುಳಿಯ ಉದ್ದಕ್ಕ ಶಾಖ ಓಡ್ತದ, ಪದರ ದಾಟಿ ಅಡ್ಡ ಬರ್ಲಿಕ್ಕ ಹತ್ತಾರು ಪಟ್ಟು ತ್ರಾಸ. ಹೊರಗ 45 ಇದ್ದಾಗ ನಡುವಿನಾಗ ಎಷ್ಟು ಅನ್ನೋದನ್ನ ಲೆಕ್ಕ ಮಾತ್ರ ಹೇಳಬಲ್ಲದು.

ಮಾಮಾ: ಲೆಕ್ಕ ಹೇಳ್ಲಿ. ಆದ್ರ ಆ ಲೆಕ್ಕಕ್ಕ ಬೋಲ್ಟಿನ ಸುದ್ದಿ ನಮ್ಮಂಥವರು ಕೊಡಬೇಕು. ಯಾವ ಕಂಪನಿ ಕೇಳ್ಯಾದ? ಪ್ಯಾಕ್ ನಾವು ತೆರೆದ್ರ ಗ್ಯಾರಂಟಿ ರದ್ದು ಅಂತ ಸ್ಟಿಕರ್ ಹಚ್ಚಿರ್ತಾರ. ಈಗ ಇಲ್ಲೇ ಹತ್ತಿರದ ಬಿಡಕಿನ್ ಕೈಗಾರಿಕಾ ಪ್ರದೇಶದಾಗ ನೋಡು, ಬೆಂಗಳೂರಿನ ಏಥರ್ ಬರ್ತದ ಅಂದ್ರು, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಬರ್ತದ ಅಂದ್ರು, ಎರಡೂ 2024ರ ಘೋಷಣಾ. ಬರ್ಲಿ, ನಮ್ಮ ಹುಡುಗರಿಗೆ ಕೆಲಸ ಆಗ್ತದ. ಆದ್ರ ಐದು ವರ್ಷದ ಮ್ಯಾಲ ಆ ಗಾಡಿ ಯಾರ ಬೆಂಚಿಗೆ ಬರ್ತಾವ? ನನ್ನ ಬೆಂಚಿಗೆ.

ಸೊಸಿ: ಸ್ಟಿಕರ್ ಸುಮ್ಮನ ಹಚ್ಚಿಲ್ಲ ಮಾಮಾ. ನಿಮಗ ಕೈಗವಸು ಗೊತ್ತು, ಉಂಗುರ ತೆಗೀಬೇಕು ಅನ್ನೋದು ಗೊತ್ತು. ಎದುರಿನ ಗಲ್ಲಿಯಾಗ ಹುಡುಗರು ಬರೀ ಸ್ಕ್ರೂಡ್ರೈವರ್ ಹಿಡಕೊಂಡು ಬಿಚ್ತಾರ. 51 ವೋಲ್ಟ್ ಹೊಡೀದೇ ಇರಬಹುದು, ಶಾರ್ಟ್ ಆದ್ರ ಸಾವಿರಾರು ಆಂಪಿಯರ್ ಹರೀತದ. ಎಲ್ಲರಿಗೂ ತೆರೀರಿ ಅಂತ ಹೇಳಾಕ ನನಗ ಧೈರ್ಯ ಸಾಲಂಗಿಲ್ಲ.

ಇದು ಬ್ಯಾಟರಿಯ ಜಗಳವಷ್ಟೇ ಅಲ್ಲ ಎಂದು ಈ ಹೊತ್ತಿಗೆ ಓದುಗರಿಗೆ ಹೊಳೆದಿರಬಹುದು. ಯಾರ ತಿಳಿವಳಿಕೆ ಗ್ಯಾರಂಟಿ ಕಾರ್ಡಿನ ಒಳಗೆ ಬರುತ್ತದೆ, ಯಾರದು ಹೊರಗೆ ಉಳಿಯುತ್ತದೆ ಎಂಬ ಜಗಳ. ನನ್ನ ಒಲವು ಹಿರಿಯರ ಕಡೆಗೆ ಸ್ವಲ್ಪ ಹೆಚ್ಚು. ಆದರೆ ಮುಂದೆ ನಡೆದ ಮಾತಿನಲ್ಲಿ ಸೊಸೆಯದೇ ಗಟ್ಟಿಯಾಗಿತ್ತು.

ಮಾಮಾ: ಇರ್ಲಿ. ಬೋಲ್ಟ್ ಬುಡ ಉಜ್ಜಿ, ಹೊಸಾ ವಾಷರ್ ಹಾಕಿ, ಟಾರ್ಕ್ ಪಾನಾದಿಂದ ಬಿಗೀತೀನಿ. ಸಂಜಿಗೆ ಗಾಡಿ ಕೊಡ್ತೀನಿ.

ಸೊಸಿ: ಕೊಡಬ್ಯಾಡ್ರಿ. ಬೆಂದ ನಾಕು ಸೆಲ್ ಹಂಗೇ ಬಿಡ್ತೀರೇನು?

ಮಾಮಾ: ಅಳೆದೆವಲ್ಲ, 3.26. ಉಳಿದವರ ಸಮ.

ಸೊಸಿ: ಇಪ್ಪತ್ತೈದು ಸೆಲ್ ಪ್ಯಾರಲಲ್ ಕೂಡಿ 3.26 ತೋರಿಸ್ತಾವ. ನಾಕು ಸೋತ್ರೂ ಇಪ್ಪತ್ತೊಂದು ಹೊತ್ಕೊಂಡು ಹೋಗ್ತಾವ, ಮೀಟರಿಗೆ ತಿಳಿಯಂಗಿಲ್ಲ. ಹೊತ್ಕೊಂಡ ಇಪ್ಪತ್ತೊಂದು ಹೆಚ್ಚಿಗಿ ಬಿಸಿ ಆಗ್ತಾವ, ಅವೂ ಲಗೂ ಸೋಲ್ತಾವ. ಬೋಲ್ಟ್ ನಿಮ್ಮ ಕಣ್ಣಿಗೆ ಕಂಡ್ತು. ಇದು ಯಾರ ಕಣ್ಣಿಗೂ ಕಾಣಂಗಿಲ್ಲ.

ಮಾಮಾ: ನಾಕು ಹೊಸಾ ಸೆಲ್ ಹಾಕ್ಲೇನು?

ಸೊಸಿ: ಹಳೇದರಾಗ ಹೊಸಾದು ಬೆರೆಸಬಾರದು ಅಂತ ನೀವೇ ನನಗ ಹೇಳಿಕೊಟ್ಟದ್ದು. ಮಾಡ್ಯೂಲೇ ಬದಲಿ ಮಾಡಬೇಕು.

ಮಾಮಾ: ಅವನ ಹತ್ತಿರ ಮಾಡ್ಯೂಲಿನ ರೊಕ್ಕ ಇದ್ರ ನನ್ನ ಕಡೆ ಯಾಕ ಬರ್ತಿದ್ದ? ತಿಂಗಳಾ ತಿಂಗಳಾ ಬ್ಯಾಂಕಿನ ಹಪ್ತಾ ಅದ. ಗಾಡಿ ಒಂದು ದಿನ ನಿಂತ್ರ ಆ ದಿನದ ಗಳಿಕಿ ಹೋತು. ನಿನ್ನ ಮಾಡೆಲ್‌ನಾಗ ಹಪ್ತಾ ಎಲ್ಲಿ ಬರ್ತದ?

ಸೊಸಿ: ಬರಂಗಿಲ್ಲ. ಆದ್ರ ಕಂಟ್ರೋಲರಿನಾಗ ಮಿತಿ ಹಾಕಬಹುದು. 100 ಆಂಪಿಯರ್ ಬದಲಿ 60. ಬಿಸಿ ಮೂರರಾಗ ಒಂದು ಪಾಲಿಗೆ ಇಳೀತದ. ಬೋಲ್ಟಿನ ಹತ್ತಿರ ಒಂದು ಸೆನ್ಸರ್, ನಡುವಿನ ಸೆಲ್ಲಿನ ಮ್ಯಾಲ ಇನ್ನೊಂದು. ತಿಂಗಳು ಬಿಟ್ಟು ಅದರ ಡೇಟಾ ನನಗ ಕಳಿಸ್ರಿ, ನಾಕು ಸೆಲ್ ಎಷ್ಟು ಸೋತಾವ ಅಂತ ಲೆಕ್ಕ ಹಾಕಿ ಹೇಳ್ತೀನಿ. ಆಫೀಸಿನಾಗ ಇಂಥಾ ಡೇಟಾ ನಮಗೂ ಎಲ್ಲೂ ಸಿಗಂಗಿಲ್ಲ.

ಮಾಮಾ: 60 ಆಂಪಿಯರಿನಾಗ ಮೂರು ಮಂದೀನ್ನ ಕೂಡಿಸಿಕೊಂಡು ದೌಲತಾಬಾದ್ ಘಾಟಿ ಏರ್ತದೇನು?

ಸೊಸಿ: ಮೂರು ಮಂದಿ ಆದ್ರ ಕಠಿಣ. ಒಬ್ಬರಾದ್ರ ಅಡ್ಡಿ ಇಲ್ಲ, ಸಾವಕಾಶ ಏರ್ತದ.

ಮಾಮಾ: ಒಬ್ಬನೇ ಆಟೊ ಮಾಡಿಕೊಂಡು ಎಲ್ಲೋರಾಕ್ಕ ಯಾರು ಹೋಗ್ತಾರವ್ವಾ?

ಸೊಸಿ: ಹಂಗಾದ್ರ ಆ ತಿಂಗಳು ಊರೊಳಗೇ ಓಡಿಸ್ಲಿ.

ಮಾಮಾ: ಅವನು ಈಗ ಬರ್ತಾನ. ಆ ಮಾತು ನೀನೇ ಹೇಳು.